ಗೊತ್ತಿದ್ದೂ ಕೈ ನಡುಗಿದ ರಾತ್ರಿ, ಆಮೇಲೆ ನಾವು ಮಾಡಿಕೊಂಡ ವ್ಯವಸ್ಥೆ

ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಫಿಸಿಶಿಯನ್. ಸುತ್ತಲೂ ಕಬ್ಬು, ಭತ್ತ, ರಾಗಿ ಬೆಳೆಯುವ ಊರುಗಳು. ಹಾವು ಕಚ್ಚಿದವರು ವರ್ಷವಿಡೀ ಬರುತ್ತಾರೆ. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದ ವಾರ ಇನ್ನೂ ಜಾಸ್ತಿ. ನೀರು ಕಟ್ಟಲು ಹೋದವರು ಕತ್ತಲಲ್ಲಿ ಬದುವಿನ ಮೇಲೆ ಕಾಲಿಡುತ್ತಾರೆ. ಅಲ್ಲೇ ಕೊಳಕುಮಂಡಲ ಸುರುಳಿ ಸುತ್ತಿಕೊಂಡು ಬಿದ್ದಿರುತ್ತದೆ.

2021ರ ಡಿಸೆಂಬರ್‌ನಲ್ಲಿ ಹಾಗೆ ಬಂದ ಒಬ್ಬ ರೈತರನ್ನು ನಾವು ಉಳಿಸಿಕೊಳ್ಳಲಿಲ್ಲ. ಸಂಜೆ ಕಚ್ಚಿತ್ತು. ಮೊದಲು ನಾಟಿ ಔಷಧಿಯವರ ಹತ್ತಿರ ಹೋಗಿ, ನಮ್ಮಲ್ಲಿಗೆ ಬಂದಾಗ ರಾತ್ರಿ ಒಂದು ಗಂಟೆ. ಕಾಲು ಮಂಡಿಯವರೆಗೆ ಊದಿತ್ತು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಡ್ಯೂಟಿಯಲ್ಲಿದ್ದವಳು ಎಂಬಿಬಿಎಸ್ ಮುಗಿಸಿ ಒಂದು ವರ್ಷದ ಕಡ್ಡಾಯ ಗ್ರಾಮೀಣ ಸೇವೆಗೆ ಬಂದಿದ್ದ ಹುಡುಗಿ. ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಹಾವಿನ ವಿಷಕ್ಕೆ ಕೊಡುವ ಎಎಸ್‌ವಿ ಇಂಜೆಕ್ಷನ್ ನಮ್ಮ ಸ್ಟೋರ್‌ನಲ್ಲೇ ಇತ್ತು. ಅವಳು ಕೊಡಲಿಲ್ಲ. ಜಿಲ್ಲಾಸ್ಪತ್ರೆಗೆ ರೆಫರ್ ಮಾಡಿ 108 ಹತ್ತಿಸಿದಳು. ಒಂದೂವರೆ ಗಂಟೆಯ ದಾರಿ. ಬೆಳಗಾಗುವ ಮೊದಲೇ ಅವರು ತೀರಿಕೊಂಡರು.

ಇಲ್ಲೇ ಕೊಟ್ಟಿದ್ದರೆ ಖಂಡಿತ ಬದುಕುತ್ತಿದ್ದರು ಅಂತ ನಾನು ಹೇಳಲಾರೆ. ಬಂದದ್ದೇ ತಡವಾಗಿತ್ತು. ಆದರೆ ಉಳಿದಿದ್ದ ಒಂದು ಅವಕಾಶ ಆ ದಾರಿಯಲ್ಲಿ ಕಳೆದುಹೋಯಿತು.

ಬೆಳಿಗ್ಗೆ ಅವಳನ್ನು ನನ್ನ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡೆ. ಏನು ಮಾಡಬೇಕಿತ್ತು ಅಂತ ಕೇಳಿದೆ. ಪಾಠ ಒಪ್ಪಿಸಿದ ಹಾಗೆ ಹೇಳಿದಳು. ಎರಡು ಎಂಎಲ್ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಡಬೇಕು. ವಾಲಿಸಿದಾಗ ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಏರಿದೆ ಅಂತ ಲೆಕ್ಕ. ತಕ್ಷಣ ಹತ್ತು ವಯಲ್ (ಸಣ್ಣ ಬಾಟಲಿ) ಎಎಸ್‌ವಿ. ಟೆಸ್ಟ್ ಡೋಸ್ ಬೇಡ. ಆ ಔಷಧಿಗೇ ಅಲರ್ಜಿಯಾಗಿ ರಿಯಾಕ್ಷನ್ ಆದರೆ ಡ್ರಿಪ್ ನಿಲ್ಲಿಸಿ, ಅದನ್ನು ತಡೆಯುವ ಅಡ್ರಿನಲಿನ್ ಇಂಜೆಕ್ಷನ್ ತೊಡೆಗೆ. ಒಂದಕ್ಷರ ತಪ್ಪಿರಲಿಲ್ಲ.

"ಮತ್ಯಾಕಮ್ಮ ಕೊಡ್ಲಿಲ್ಲ?"

"ರಿಯಾಕ್ಷನ್ ಆಗಿ ನನ್ನ ಕೈಯಲ್ಲೇ ಹೋಗ್ಬಿಟ್ರೆ ಅಂತ ಭಯ ಆಯ್ತು ಮೇಡಂ. ನಿಮಗೆ ಎರಡು ಸಲ ಫೋನ್ ಮಾಡಿದೆ."

ಆ ರಾತ್ರಿ ಆನ್ ಕಾಲ್ ನಾನೇ. ನನ್ನ ಫೋನ್ ಸೈಲೆಂಟ್‌ನಲ್ಲಿತ್ತು. ಹಗಲಿಡೀ ಓಪಿಡಿ ನೋಡಿ ಮಲಗುವಾಗ ಅದನ್ನು ತೆಗೆಯುವುದು ಮರೆತಿದ್ದೆ. ಅವಳೋ ಹಿಂದಿನ ರಾತ್ರಿಯೂ ಬೇರೆಯವರ ಬದಲಿಗೆ ಡ್ಯೂಟಿ ಮಾಡಿದ್ದಳು. ನಿದ್ದೆಯಿಲ್ಲದ ಎರಡನೇ ರಾತ್ರಿ, ಹೊರಗೆ ಮೂವತ್ತು ಜನ ನೆಂಟರು, ಒಳಗೆ ಒಬ್ಬ ಸಿಸ್ಟರ್, ಎತ್ತದ ಫೋನ್. ಅವಳಿಗೆ ಓದು ಕಡಿಮೆಯಾಗಿರಲಿಲ್ಲ. ಹಿಂದೆ ನಿಲ್ಲುವವರು ಇರಲಿಲ್ಲ. ಈ ಮಾತು ನನಗೆ ಹೊಳೆಯಲು ಒಬ್ಬ ಮನುಷ್ಯನ ಜೀವ ಹೋಗಬೇಕಾಯಿತಲ್ಲ ಅನ್ನುವ ಸಂಕಟ ಈಗಲೂ ಇದೆ.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ ಎಂದು ಸಾವಿನ ಕಾರಣಗಳನ್ನು ಹುಡುಕಿದ ಮಿಲಿಯನ್ ಡೆತ್ ಸ್ಟಡಿ ಎಂಬ ಅಧ್ಯಯನದ ಅಂದಾಜು ಹೇಳುತ್ತದೆ. ಔಷಧಿ ಹಳೆಯದೇ, ತಾಲ್ಲೂಕು ಆಸ್ಪತ್ರೆಗೆ ಬಂದೇ ಇದೆ. ಆದರೆ ಬಾಟಲಿಯಿಂದ ರೋಗಿಯ ನರಕ್ಕೆ ಅದನ್ನು ದಾಟಿಸಬೇಕಾದದ್ದು ಇಪ್ಪತ್ನಾಲ್ಕು ವರ್ಷದ ಒಬ್ಬರ ಕೈ. ಆ ಕೈಯ ಬಗ್ಗೆ ನಾವು ಯೋಚಿಸಿರಲೇ ಇಲ್ಲ.

ಮೊದಲು ಆ ಹುಡುಗಿಯನ್ನು ಉಳಿಸಿಕೊಳ್ಳಬೇಕಿತ್ತು. ಕಡ್ಡಾಯ ಸೇವೆ ಅರ್ಧಕ್ಕೆ ಬಿಟ್ಟು, ಅದಕ್ಕೆ ದಂಡ ಕಟ್ಟಿ ಮನೆಗೆ ಹೋಗ್ತೀನಿ ಅನ್ನುತ್ತಿದ್ದಳು. ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. "ಧೈರ್ಯ ತಗೋ" ಅಂತ ಎಲ್ಲರೂ ಹೇಳಿದರು. ಅದರಿಂದ ಏನೂ ಆಗುವುದಿಲ್ಲ. ನಾನು ಅವಳನ್ನು ಮನೆಗೆ ಕರೆದುಕೊಂಡು ಹೋಗಿ ಅನ್ನ, ಸಾರು ಬಡಿಸಿ, ನನ್ನ ಕೈಯಲ್ಲಿ ಹೋದ ಮೊದಲ ರೋಗಿಯ ಕಥೆ ಹೇಳಿದೆ. ಅದನ್ನು ಅದುವರೆಗೆ ಯಾರಿಗೂ ಹೇಳಿರಲಿಲ್ಲ, ನಮ್ಮ ಮನೆಯವರಿಗೂ.

ಆ ತಿಂಗಳ ಡೆತ್ ಆಡಿಟ್, ಅಂದರೆ ಆಸ್ಪತ್ರೆಯಲ್ಲಾದ ಸಾವುಗಳನ್ನು ಪರಿಶೀಲಿಸುವ ಮೀಟಿಂಗ್, ಬಂತು. ನಮ್ಮಲ್ಲಿ ಈ ಮೀಟಿಂಗ್ ಅಂದರೆ ಚಿಕ್ಕ ಡಾಕ್ಟರನ್ನು ಎಲ್ಲರ ಎದುರು ನಿಲ್ಲಿಸಿ ಕೇಳುವುದು ಅಂತಲೇ ಆಗಿತ್ತು. ಈ ಸಲ ನಾನು ಮೊದಲು ಎದ್ದು ನಿಂತೆ. ಎರಡು ಮಿಸ್ಡ್ ಕಾಲ್‌ಗಳ ಸಮಯ ಓದಿದೆ: 1.12, 1.19. ಡ್ಯೂಟಿ ಪಟ್ಟಿ ತೋರಿಸಿದೆ. ಆಮೇಲೆ ಅವಳು ತಾನಾಗಿಯೇ ಎದ್ದು ಏನೇನಾಯಿತು ಅಂತ ಪೂರ್ತಿ ಹೇಳಿದಳು. ಆಗಲೇ ಗೊತ್ತಾದದ್ದು, ಅವಳು ರಕ್ತದ ಪರೀಕ್ಷೆ ಮಾಡಲು ಹೋಗಿದ್ದಳು, ಕ್ಯಾಜುವಾಲ್ಟಿಯಲ್ಲಿ ಗಾಜಿನ ಟ್ಯೂಬೇ ಇರಲಿಲ್ಲ. ಪ್ಲಾಸ್ಟಿಕ್ ಟ್ಯೂಬ್ ಇತ್ತು. ಪ್ಲಾಸ್ಟಿಕ್‌ನಲ್ಲಿ ಈ ಪರೀಕ್ಷೆ ನಂಬುವ ಹಾಗಿಲ್ಲ. ಸೋಪಿನಲ್ಲಿ ತೊಳೆದ ಗಾಜಿನದೂ ಆಗುವುದಿಲ್ಲ. ಹೊಸದು, ಒಣಗಿದ್ದು ಬೇಕು. ಅವಳನ್ನು ಬೈದು ಕೂರಿಸಿದ್ದರೆ ಈ ವಿಷಯ ನಮಗೆ ತಿಳಿಯುತ್ತಲೇ ಇರಲಿಲ್ಲ.

ನಾವು ಮಾಡಿದ ಮೊದಲ ಕೆಲಸ ಫೋನಿನದು. ಜಿಲ್ಲಾಸ್ಪತ್ರೆಯಲ್ಲಿರುವ ನನ್ನ ಜೊತೆ ಓದಿದ ಒಬ್ಬ ಫಿಸಿಶಿಯನ್, ಪಕ್ಕದ ತಾಲ್ಲೂಕಿನ ಒಬ್ಬ ಅರಿವಳಿಕೆ ತಜ್ಞರು, ನಾನು. ಮೂವರೂ ರಾತ್ರಿಗಳನ್ನು ಹಂಚಿಕೊಂಡೆವು. ಯಾವ ರಾತ್ರಿ ಯಾರು ಅಂತ ಕ್ಯಾಜುವಾಲ್ಟಿ ಗೋಡೆಗೆ ಅಂಟಿಸಿದೆವು. ನಮಗೆ ನಾವೇ ಹಾಕಿಕೊಂಡ ನಿಯಮ ಎರಡು. ಫೋನ್ ಎತ್ತಿದವರು "ಇಷ್ಟೂ ಗೊತ್ತಿಲ್ವಾ" ಅನ್ನಬಾರದು. ರೋಗಿ ಸ್ವಲ್ಪ ಸ್ಥಿರ ಆಗುವವರೆಗೆ ಲೈನ್ ಬಿಡಬಾರದು.

ಮೊದಲ ಒಂದು ತಿಂಗಳು ಯಾರೂ ಫೋನ್ ಮಾಡಲೇ ಇಲ್ಲ! ನನಗೆ ಬೇಜಾರಾಯಿತು. ಆಮೇಲೆ ನಮ್ಮ ಹಿರಿಯ ಸಿಸ್ಟರ್ ಹೇಳಿದರು, "ನಿಮಗೆ ಫೋನ್ ಮಾಡೋಕೆ ಅವರಿಗೆ ಹಾವಿಗಿಂತ ಜಾಸ್ತಿ ಭಯ ಮೇಡಂ. ನೀವೇ ಮಾಡಿ." ಅಂದಿನಿಂದ ರಾತ್ರಿ ಹತ್ತಕ್ಕೆ ನಾನೇ ಮಾಡುತ್ತೇನೆ. ಊಟ ಆಯ್ತಾ, ಎಷ್ಟು ಕೇಸ್ ಇವೆ, ಯಾರ ಬಗ್ಗೆ ಯೋಚನೆ ಆಗ್ತಿದೆ. ಎರಡು ನಿಮಿಷದ ಮಾತು. ಹತ್ತಕ್ಕೇ ಒಮ್ಮೆ ಮಾತಾಡಿದ್ದರೆ ಎರಡು ಗಂಟೆಗೆ ಮತ್ತೆ ಕರೆಯುವುದು ಸಲೀಸು. ನಾವು ಮಾಡಿದ್ದರಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಇದೇ ಅಂತ ನನ್ನ ನಂಬಿಕೆ.

ಎಂಥ ಪ್ರಶ್ನೆಗಳು ಬರುತ್ತವೆ ಗೊತ್ತಾ? ಒಂದು ರಾತ್ರಿ ಒಬ್ಬ ಹುಡುಗ ಕೇಳಿದ, "ಮೇಡಂ, ಆರು ವರ್ಷದ ಮಗು. ಎಎಸ್‌ವಿ ಅರ್ಧ ಡೋಸ್ ಕೊಡ್ಲಾ?" ನಾನಂದೆ, "ಮಗು ಅಂತ ಹಾವು ಅರ್ಧ ವಿಷ ಬಿಟ್ಟಿರಲ್ಲಪ್ಪ. ಅದೇ ಹತ್ತು ವಯಲ್." ಮಕ್ಕಳಿಗೂ ದೊಡ್ಡವರಿಗೂ ಡೋಸ್ ಒಂದೇ. ಅವನು ಇದನ್ನು ಓದಿದ್ದ. ಪುಟ್ಟ ಮಗುವನ್ನು ಕಣ್ಣೆದುರು ನೋಡಿದಾಗ ಓದಿದ್ದರ ಮೇಲೆ ಅನುಮಾನ ಬರುತ್ತದೆ. ಒಂದು ದನಿ "ಹೌದು, ಕೊಡು" ಅಂದರೆ ಸಾಕು.

ಇನ್ನೊಂದು ರಾತ್ರಿ ವೀಡಿಯೋ ಕಾಲ್. ನೆಲದ ಮೇಲೆ ಮಲಗಿದ್ದ ಹೆಂಗಸು, ಹೊಟ್ಟೆನೋವು ಅಂತ ಬಂದಿದ್ದಾರೆ. ಎಲ್ಲೂ ಕಚ್ಚಿದ ಗುರುತಿಲ್ಲ. ಮುಖ ತೋರಿಸು ಅಂದೆ. ಎರಡೂ ರೆಪ್ಪೆ ಅರ್ಧ ಇಳಿದಿದ್ದವು. ಕಟ್ಟುಹಾವು, ಅದರ ವಿಷಕ್ಕೆ ಮೊದಲು ರೆಪ್ಪೆ, ಆಮೇಲೆ ಉಸಿರು ಸೋಲುತ್ತದೆ. ಅದರ ಹಲ್ಲಿನ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ, ಊತವೂ ಇರುವುದಿಲ್ಲ. ಎಎಸ್‌ವಿ ಶುರು ಮಾಡಿಸಿ, ಉಸಿರು ಸೋಲುವ ಮೊದಲೇ, ಕೈಯಲ್ಲಿ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಸಮೇತ ಆ ಡಾಕ್ಟರನ್ನೇ ಆಂಬುಲೆನ್ಸ್‌ನಲ್ಲಿ ಕೂರಿಸಿ ಕಳಿಸಿದೆವು. ದಾರಿಯುದ್ದಕ್ಕೂ ಬ್ಯಾಗ್ ಒತ್ತಿದಳು. ಆ ಹೆಂಗಸು ಬದುಕಿದರು. ರೆಫರ್ ಮಾಡುವುದು ತಪ್ಪಲ್ಲ. ಔಷಧಿ ಕೊಡದೆ, ಜೊತೆಗೆ ಯಾರೂ ಇಲ್ಲದೆ, ಸುಮ್ನೆ ಗಾಡಿ ಹತ್ತಿಸುವುದು ತಪ್ಪು.

ಎರಡನೆಯದು ಕೈ ಅಭ್ಯಾಸ. ಪ್ರತಿ ಗುರುವಾರ ಓಪಿಡಿ ಮುಗಿದ ಮೇಲೆ ಮುಕ್ಕಾಲು ಗಂಟೆ. ಅವಧಿ ಮುಗಿದ ಎಎಸ್‌ವಿ ವಯಲ್‌ಗಳನ್ನು ಎಸೆಯದೆ ಇದಕ್ಕೇ ಎತ್ತಿಟ್ಟೆವು. ಅದು ಪುಡಿ ರೂಪದಲ್ಲಿ ಇರುತ್ತದೆ. ಒಂದೊಂದಕ್ಕೂ ಹತ್ತು ಎಂಎಲ್ ನೀರು ಹಾಕಿ ಮೆಲ್ಲಗೆ ತಿರುಗಿಸುತ್ತಾ ಕರಗಿಸಬೇಕು. ಗಾಬರಿಯಲ್ಲಿ ಕುಲುಕಿದರೆ ನೊರೆ ಬಂದುಬಿಡುತ್ತದೆ. ಒಬ್ಬರೇ ಹತ್ತು ವಯಲ್ ಕರಗಿಸುವುದು ಎಷ್ಟು ಹೊತ್ತಿನ ಕೆಲಸ ಅಂತ ಮಾಡಿದ ಮೇಲೇ ತಿಳಿದದ್ದು, ನನಗೂ! ಅಲ್ಲಿಂದ ಇಬ್ಬರು ಕೂತು ಕರಗಿಸಬೇಕು ಅಂತಾಯಿತು. ಅಡ್ರಿನಲಿನ್ 0.5 ಎಂಎಲ್ ಸಿರಿಂಜಿಗೆ ಎಳೆದು ರೋಗಿಯ ತಲೆಯ ಹತ್ತಿರ ಇಟ್ಟೇ ಡ್ರಿಪ್ ಶುರು. ಯಾರು ಕೊಡುತ್ತಾರೆ ಅನ್ನುವುದು ಮೊದಲೇ ನಿಗದಿ. ಈ ಪಾಠ ಹೇಳಿಕೊಡುವವರು ಅದೇ ಹಿರಿಯ ಸಿಸ್ಟರ್. ನಾನು ಬರೀ ರೋಗಿಯ ಹಾಗೆ ಮಂಚದ ಮೇಲೆ ಮಲಗುತ್ತೇನೆ.

ಡ್ಯೂಟಿ ಗಂಟೆಗಳ ವಿಷಯದಲ್ಲಿ ಪೂರ್ತಿ ಗೆದ್ದಿಲ್ಲ. ರೆಸಿಡೆಂಟ್ ಡಾಕ್ಟರುಗಳನ್ನು ಒಂದೇ ಸಮ 12 ಗಂಟೆಗಿಂತ ಹೆಚ್ಚು ದುಡಿಸಬಾರದು ಅಂತ ಕೇಂದ್ರ ಸರ್ಕಾರ 1992ರಲ್ಲೇ ಹೇಳಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವಾರಕ್ಕೆ 74 ಗಂಟೆ ಮೀರಬಾರದು ಅಂದಿತು. ಇವೆಲ್ಲ ಮೆಡಿಕಲ್ ಕಾಲೇಜಿನ ಮಾತು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂರು ಜನ ಇದ್ದು ಒಬ್ಬರಿಗೆ ಜ್ವರ ಬಂದರೆ ಲೆಕ್ಕವೇ ಕೆಡುತ್ತದೆ. ನಮ್ಮ ಆಡಳಿತ ವೈದ್ಯಾಧಿಕಾರಿಗಳು ಒಪ್ಪಿದ್ದರಿಂದ ಒಂದು ಕೆಲಸ ಆಯಿತು. ನೈಟ್ ಮುಗಿಸಿದವರಿಗೆ ಮರುದಿನ ಓಪಿಡಿ ಇಲ್ಲ, ಎರಡು ನೈಟ್ ಒಟ್ಟಿಗೆ ಇಲ್ಲ. ಬೆಳಗಿನ ಹೊತ್ತು ಕ್ಯಾಜುವಾಲ್ಟಿಯನ್ನು ಸ್ಪೆಷಲಿಸ್ಟ್‌ಗಳಾದ ನಾವು ಸರದಿಯಂತೆ ನೋಡುತ್ತೇವೆ. ಮೂಳೆ ಡಾಕ್ಟರು, ಮಕ್ಕಳ ಡಾಕ್ಟರು ಮೊದಲು ಗೊಣಗಿದರು. ಈಗ ಬರುತ್ತಾರೆ.

ಈ ಚಿಕ್ಕ ಡಾಕ್ಟರುಗಳ ಓದಿನ ಮಾತೂ ಇದೆ. ಬರುವವರೆಲ್ಲ ಸ್ನಾತಕೋತ್ತರ ಸೀಟಿನ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿಗೆ ತಯಾರಿ ಮಾಡುತ್ತಿರುತ್ತಾರೆ. ಡ್ಯೂಟಿ ರೂಮಿನಲ್ಲಿ ಪುಸ್ತಕ ಕಂಡರೆ ಹಿರಿಯರಿಗೆ ಸಿಟ್ಟು, ಇವರಿಗೆ ಇಲ್ಲಿ ಮನಸ್ಸಿಲ್ಲ ಅಂತ. ನನಗೂ ಹಾಗೇ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಮುಂದೆ ಏನಾಗುತ್ತೋ ಅನ್ನುವ ಚಿಂತೆಯಲ್ಲಿರುವವರು ಇವತ್ತಿನ ರೋಗಿಯನ್ನು ಹೇಗೆ ನೆಮ್ಮದಿಯಿಂದ ನೋಡುತ್ತಾರೆ ಹೇಳಿ? ಪರೀಕ್ಷೆಯ ಹಿಂದಿನ ತಿಂಗಳು ಅವರಿಗೆ ನೈಟ್ ಕಡಿಮೆ ಹಾಕುತ್ತೇವೆ. ಉಳಿದವರು ಹಂಚಿಕೊಳ್ಳುತ್ತಾರೆ, ತಮ್ಮ ಸರದಿಗೆ ಅವರೂ ವಾಪಸ್ ಮಾಡುತ್ತಾರೆ.

ಆ ಹುಡುಗಿ ದಂಡ ಕಟ್ಟಿ ಹೋಗಲಿಲ್ಲ. ಒಂದು ವರ್ಷ ಪೂರ್ತಿ ಇದ್ದಳು. ಒಂದು ರಿಜಿಸ್ಟರ್ ಅವಳೇ ಶುರು ಮಾಡಿದಳು. ಕಚ್ಚಿದ ಹೊತ್ತು, ಬಂದ ಹೊತ್ತು, ಟ್ಯೂಬ್ ವಾಲಿಸಿದ ಹೊತ್ತು, ಎಎಸ್‌ವಿ ಶುರುವಾದ ಹೊತ್ತು, ರಿಯಾಕ್ಷನ್ ಆಯಿತೇ ಇಲ್ಲವೇ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಅಧಿಸೂಚನೆ ಹೊರಡಿಸಿದಾಗ ನಮಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರಲಿಲ್ಲ. ಅದೇ ರಿಜಿಸ್ಟರ್ ತೆಗೆದೆವು. ಮೊದಲ ಪುಟದಲ್ಲಿ ಅವಳು ಆ ರೈತರ ಕೇಸನ್ನೇ ಬರೆದಿದ್ದಾಳೆ. ಎಎಸ್‌ವಿ ಕಾಲಂನಲ್ಲಿ ಒಂದು ಗೆರೆ.

ಅವಳು ಈಗ ತುರ್ತು ಚಿಕಿತ್ಸೆಯಲ್ಲಿ ಎಂಡಿ ಓದುತ್ತಿದ್ದಾಳೆ. ಎಷ್ಟೋ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅಂತ ಹೋಗುವಾಗ ಹೇಳಿದಳು. ಆಗ ನಮ್ಮ ಹತ್ತಿರ ಅದಕ್ಕೆ ನನ್ನ ಮನೆ ಊಟ ಬಿಟ್ಟರೆ ಬೇರೆ ದಾರಿ ಇರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಶುರುವಾಯಿತು, ನಂಬರ್ 14416. ಫೋನ್ ಪಟ್ಟಿಯ ಕೆಳಗೆ ಅದನ್ನೂ ಬರೆದಿದ್ದೇವೆ. ಹೊಸಬರು ಬಂದ ದಿನವೇ ತೋರಿಸಿ, ಇದು ರೋಗಿಗಳಿಗೆ ಮಾತ್ರ ಅಲ್ಲ, ನಿಮಗೂ ಅಂತ ಹೇಳುತ್ತೇನೆ.

ಕಳೆದ ಸುಗ್ಗಿಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ಫೋನ್ ಬಂತು. ಕೊಳಕುಮಂಡಲ. ಟ್ಯೂಬ್ ವಾಲಿಸಿದ್ದಾರೆ, ರಕ್ತ ನೀರಿನ ಹಾಗೆ ಹರಿದಿದೆ. ಎಎಸ್‌ವಿ ಆಗಲೇ ಹೋಗುತ್ತಿದೆ. ನಾನು ಲೈನಿನಲ್ಲೇ ಇದ್ದೆ. ಹತ್ತು ನಿಮಿಷಕ್ಕೆ ಡ್ಯೂಟಿಯಲ್ಲಿದ್ದ ಹುಡುಗನ ದನಿ ಬದಲಾಯಿತು, "ಮೇಡಂ, ಮೈಯೆಲ್ಲ ದದ್ದು, ಬಿಪಿ ಇಳೀತಿದೆ." ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸಿಸ್ಟರ್ ದನಿ ಕೇಳಿತು, "ಡ್ರಿಪ್ ನಿಲ್ಸಿದೀನಿ, ಅಡ್ರಿನಲಿನ್ ಕೊಟ್ಟಾಯ್ತು." ಸ್ವಲ್ಪ ಹೊತ್ತಿಗೆ ಬಿಪಿ ಏರಿತು. ಮತ್ತೆ ನಿಧಾನವಾಗಿ ಡ್ರಿಪ್ ಶುರು ಮಾಡಿದರು. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಪರೀಕ್ಷೆ. ಬೆಳಿಗ್ಗೆ ನಾನು ರೌಂಡ್ಸ್‌ಗೆ ಹೋದಾಗ ಅವನು ಮಾತಾಡದೆ ಟ್ಯೂಬನ್ನು ತಲೆಕೆಳಗೆ ಮಾಡಿ ತೋರಿಸಿದ. ಗಟ್ಟಿಯಾಗಿ ನಿಂತಿತ್ತು.

ಪಕ್ಕದ ತಾಲ್ಲೂಕಿನ ಅರಿವಳಿಕೆ ತಜ್ಞರಿಗೆ ಈಚೆಗೆ ವರ್ಗವಾಗಿದೆ. ಮಂಗಳವಾರ, ಶನಿವಾರದ ರಾತ್ರಿಗಳು ಅವರವು. ಇನ್ನೊಬ್ಬರು ಸಿಗುವವರೆಗೆ ಆ ಎರಡು ರಾತ್ರಿಯ ಎದುರೂ ನನ್ನ ನಂಬರನ್ನೇ ಬರೆದಿದ್ದೇವೆ.