ಕೇಬಲ್ ಹಾಕಿದರೂ 94 ದಾಟದ ಸ್ಪೀಡ್

ಮನೆಗೆ 200 ಎಂಬಿಪಿಎಸ್ ಫೈಬರ್ ಹಾಕಿಸಿದ್ದೆವು. ಮೊಬೈಲಿನಲ್ಲಿ ವೈಫೈ ಹಿಡಿದು ನೋಡಿದರೆ 180, 190 ಬರುತ್ತಿತ್ತು. ಕೇಬಲ್ ಹಾಕಿದ್ದ ಕಂಪ್ಯೂಟರಿನಲ್ಲಿ ಮಾತ್ರ ಯಾವಾಗ ಟೆಸ್ಟ್ ಮಾಡಿದರೂ 94. ಬೆಳಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ.

ಅದು ಅಲುಗಾಡದೆ ನಿಂತಿದ್ದೇ ನನಗೆ ಸುಳಿವಾಯಿತು. ಹೊರಗಿನ ಲೈನಿನಲ್ಲಿ ದಟ್ಟಣೆ ಇದ್ದರೆ ಅಂಕಿ ಏರುತ್ತದೆ, ಇಳಿಯುತ್ತದೆ. ಸಂಜೆ ಎಲ್ಲರೂ ವಿಡಿಯೊ ನೋಡುವ ಹೊತ್ತಿಗೆ ಕುಸಿಯುತ್ತದೆ. ಸದಾ 94 ಎಂದರೆ ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್ ಲಿಂಕ್ (ಎರಡು ಉಪಕರಣಗಳ ನಡುವಿನ ಸಂಪರ್ಕ) ಇದೆ ಎಂದೇ ಲೆಕ್ಕ. ಮಿಕ್ಕ 6 ಎಲ್ಲಿ ಹೋಯಿತು ಅಂತೀರಾ? ಈಥರ್ನೆಟ್ ತಂತಿಯಲ್ಲಿ, ಅಂದರೆ ನೆಟ್‌ವರ್ಕ್ ಕೇಬಲಿನಲ್ಲಿ, ಒಂದು ತುಂಬಿದ ಪ್ಯಾಕೆಟ್ (ಡೇಟಾದ ಕಟ್ಟು) 1538 ಬೈಟ್‌ನಷ್ಟು ಜಾಗ ತಿನ್ನುತ್ತದೆ. ಅದರಲ್ಲಿ ನಮ್ಮ ಡೇಟಾಗೆ ಸಿಗುವುದು ಹೆಚ್ಚೆಂದರೆ 1460 ಬೈಟ್, ಅಂದರೆ ನೂರಕ್ಕೆ 95ರೊಳಗೆ.

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ನೆಟ್‌ವರ್ಕ್ ಆಂಡ್ ಇಂಟರ್ನೆಟ್ ಒಳಗೆ ಈಥರ್ನೆಟ್ ಒತ್ತಿದೆ. ಲಿಂಕ್ ಸ್ಪೀಡ್ ಎದುರು 100/100 ಅಂತಿತ್ತು. ಲಿನಕ್ಸ್ ಇರುವವರಿಗೆ ಇದೇ ಮಾಹಿತಿ ಈಥ್‌ಟೂಲ್ ಕಮಾಂಡಿನಲ್ಲಿ ಸಿಗುತ್ತದೆ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡೂ ಗಿಗಾಬಿಟ್ (1000 ಎಂಬಿಪಿಎಸ್), ರೂಟರಿನ ಪೋರ್ಟೂ ಗಿಗಾಬಿಟ್. ಉಳಿದದ್ದು ಕೇಬಲ್.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. 100 ಎಂಬಿಪಿಎಸ್‌ಗೆ ಕೇಬಲಿನ ಎಂಟು ಎಳೆಗಳಲ್ಲಿ ನಾಲ್ಕು ಸಾಕು: 1, 2, 3 ಮತ್ತು 6ನೇ ಪಿನ್. ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ಕೈಕೊಟ್ಟರೂ ಎಷ್ಟೋ ಉಪಕರಣಗಳು ಸುಮ್ನೆ 100ಕ್ಕೆ ಇಳಿದುಬಿಡುತ್ತವೆ. ಎಚ್ಚರಿಕೆಯ ಸಂದೇಶ ಏನೂ ಬರುವುದಿಲ್ಲ, ನೆಟ್ ಓಡುತ್ತಲೇ ಇರುತ್ತದೆ. ಹಾಗಾಗಿಯೇ ಈ ತೊಂದರೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಗಿಗಾಬಿಟ್‌ಗೆ ಸಾಕಾಗುವ ಕ್ಯಾಟ್ 5ಇ ದರ್ಜೆಯ ಬೇರೆ ಕೇಬಲ್ ಹಾಕಿದೆ. ಲಿಂಕ್ 1000/1000 ಆಯಿತು, ಟೆಸ್ಟಿನಲ್ಲಿ 190 ದಾಟಿತು. ಆಮೇಲೆ ಗೋಡೆಯಲ್ಲಿದ್ದ ಹಳೆಯ ಕೇಬಲಿನ ಆರ್‌ಜೆ45 ಪ್ಲಗ್ ನೋಡಿದರೆ, ಕಂದು ಎಳೆ ಪ್ಲಗ್ಗಿನ ತುದಿವರೆಗೆ ಹೋಗಿಯೇ ಇರಲಿಲ್ಲ. ಪ್ಲಗ್ ಕತ್ತರಿಸಿ, ಎಳೆಗಳನ್ನು ಇನ್ನೊಂದು ತುದಿಯ ಬಣ್ಣದ ಕ್ರಮದಲ್ಲೇ ಜೋಡಿಸಿ, ಹೊಸದನ್ನು ಕ್ರಿಂಪ್ ಮಾಡಿದೆ (ಇಕ್ಕಳದಿಂದ ಒತ್ತಿ ಕೂರಿಸಿದೆ). ಖರ್ಚಾಗಿದ್ದು ಒಂದು ಪ್ಲಗ್.

ಮನೆಯೊಳಗಿನ ದಾರಿ ಸರಿಯಾಯಿತಾ ಎಂದು ಖಚಿತ ಮಾಡಿಕೊಳ್ಳಲು ಎರಡು ಕಂಪ್ಯೂಟರುಗಳ ನಡುವಿನ ವೇಗ ಅಳೆಯುವ ಐಪರ್ಫ್3 ಎಂಬ ಪ್ರೋಗ್ರಾಂ ಓಡಿಸಿದೆ. ಇದಕ್ಕೆ ಇಂಟರ್ನೆಟ್ಟೇ ಬೇಡ. ರೂಟರಿಗೆ ಕೇಬಲ್ ಹಾಕಿದ ಲ್ಯಾಪ್‌ಟಾಪ್ ಸರ್ವರ್ (ಕಾದು ಕೂರುವ ತುದಿ), ಕಂಪ್ಯೂಟರ್ ಕ್ಲೈಂಟ್ (ಅದನ್ನು ಸಂಪರ್ಕಿಸುವ ತುದಿ). 940ರ ಆಸುಪಾಸು ಬಂತು. ಗಿಗಾಬಿಟ್‌ಗೆ ಅಷ್ಟು ಬಂದರೆ ಪೂರ್ತಿ ಬಂದಂತೆ.

ಡೌನ್‌ಲೋಡ್ ಮಾಡುವಾಗ 24 ಅಂತ ಕಂಡರೆ ಗಾಬರಿಯಾಗಬೇಡಿ. ಅದು ಮೆಗಾಬೈಟ್ ಲೆಕ್ಕ, ಪ್ಲಾನಿನದು ಮೆಗಾಬಿಟ್. 200ನ್ನು 8ರಿಂದ ಭಾಗಿಸಿದರೆ 25, ಅಲ್ವಾ?

ಈಗ ಕಂಪನಿಗೆ ದೂರು ಕೊಡುವುದಿದ್ದರೆ, ಕೇಬಲ್ ಹಾಕಿ, ಬೇರೆ ಡೌನ್‌ಲೋಡ್ ಎಲ್ಲ ನಿಲ್ಲಿಸಿ ಟೆಸ್ಟ್ ಮಾಡುತ್ತೇನೆ. ಫಲಿತಾಂಶದ ಜೊತೆಗೆ ಲಿಂಕ್ ಸ್ಪೀಡಿನ ಸ್ಕ್ರೀನ್‌ಶಾಟನ್ನೂ ಕಳಿಸುತ್ತೇನೆ. ಆಗ 'ನಿಮ್ಮ ಕಂಪ್ಯೂಟರಿನಲ್ಲೇ ತೊಂದರೆ ಇರಬೇಕು ಸರ್' ಎಂಬ ಮಾತಿಗೆ ಉತ್ತರ ಮೊದಲೇ ಅವರ ಕೈಯಲ್ಲಿರುತ್ತದೆ.