ಬೇರೆ ಕಾಲೇಜಿನಿಂದ ಬಂದವರ ಕ್ರೆಡಿಟ್: ನಿಯಮ ಬರೆಯುವುದು ಹೇಗೆ

2022ರಲ್ಲಿ ನಮ್ಮ ಕಾಲೇಜಿಗೆ ವಿಜಯಪುರದ ಕಡೆಯಿಂದ ಒಬ್ಬ ಹುಡುಗಿ ಬಂದಳು. ಅಪ್ಪನಿಗೆ ಬ್ಯಾಂಕಿನಲ್ಲಿ ಮೈಸೂರಿಗೆ ವರ್ಗವಾಗಿತ್ತು. ಬಿಎಸ್ಸಿ ಎರಡು ಸೆಮಿಸ್ಟರ್ ಮುಗಿಸಿದ್ದಳು, ಎಲ್ಲ ಪೇಪರೂ ಪಾಸು, ಅಂದರೆ ಪಾಠದ ಗಂಟೆಯ ಲೆಕ್ಕದಲ್ಲಿ ಪ್ರತಿ ಪೇಪರಿಗೆ ಸಿಗುವ ಕ್ರೆಡಿಟ್ ಎಲ್ಲ ಕೈಯಲ್ಲಿತ್ತು. ಫೀಸು ಕಟ್ಟಿಸಿಕೊಂಡು ಮೂರನೇ ಸೆಮಿಸ್ಟರ್‌ಗೆ ಸೇರಿಸಿಕೊಂಡೆವು. ಎಂಟು ವಾರ ಕಳೆದ ಮೇಲೆ ಅವಳ ಕೈಗೆ ಒಂದು ಚೀಟಿ ಬಂತು. ಮೊದಲ ಸೆಮಿಸ್ಟರಿನ ಕೆಮಿಸ್ಟ್ರಿ ಥಿಯರಿ 4 ಕ್ರೆಡಿಟ್, ಪ್ರಾಕ್ಟಿಕಲ್ 2 ಕ್ರೆಡಿಟ್ ಮತ್ತೆ ಮಾಡಬೇಕು, ಪೇಪರಿನ ಹೆಸರು ನಮ್ಮದಕ್ಕೆ ಹೊಂದುತ್ತಿಲ್ಲ ಎಂದು.

ಆ ಚೀಟಿ ಹಿಡಿದು ಸ್ಟಾಫ್ ರೂಮಿಗೆ ಬಂದಳು. "ನಾ ಇದ ಪಾಸ್ ಆಗೇನ್ರೀ ಮೇಡಂ. ಮತ್ತ ಯಾಕ ಕೂಡಬೇಕ್ರೀ?" ಎಂದಳು. ಅವಳಿಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಜೂನಿಯರ್‌ಗಳ ಪ್ರಾಕ್ಟಿಕಲ್‌ಗೂ ಅವಳದೇ ತರಗತಿಗೂ ಒಂದೇ ಹೊತ್ತು. ಎರಡೂ ಕಡೆ ಹಾಜರಾತಿ ಕಡಿಮೆ ಬಿತ್ತು. ಆ ವರ್ಷ ಅವಳು ಪಟ್ಟ ಪಾಡು ನನ್ನ ಕಣ್ಣೆದುರಿಗೇ ನಡೆಯಿತು. ಮುಂದಿನ ವರ್ಷ ನಿಯಮ ಬರೆಯುವ ಸಮಿತಿಗೆ ನಾನೇ ಹೆಸರು ಕೊಟ್ಟೆ. ಅಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಾಲೇಜಿನಲ್ಲೂ ಇಂಥ ನಿಯಮ ಬರೆಯುವ ಕೆಲಸ ಬಂದರೆ ಉಪಯೋಗಕ್ಕೆ ಬರಲಿ.

ಮೊದಲು ಅಧಿಕಾರ ಯಾರದ್ದು ಎಂದು ನೋಡಿಕೊಳ್ಳಿ. ನಿಮ್ಮದು ಸ್ವಾಯತ್ತ ಕಾಲೇಜಾದರೆ ಸಿಲಬಸ್ ನಿಮ್ಮದು. ನಿಯಮವನ್ನು ಪಾಠ, ಪರೀಕ್ಷೆಯ ವಿಷಯ ತೀರ್ಮಾನಿಸುವ ಅಕಾಡೆಮಿಕ್ ಕೌನ್ಸಿಲ್‌ನಲ್ಲಿ ಪಾಸು ಮಾಡಿಸಬಹುದು. ಸಂಯೋಜಿತ ಕಾಲೇಜಾದರೆ ತೀರ್ಮಾನ ವಿಶ್ವವಿದ್ಯಾಲಯದ್ದು. ಆಗ ನೀವು ಮಾಡಬಹುದಾದ ಕೆಲಸ ಬೇರೆ: ವಿದ್ಯಾರ್ಥಿಯ ಕಾಗದಗಳನ್ನು ಸರಿಯಾಗಿ ಜೋಡಿಸಿ, ಹೋಲಿಕೆಯ ಪಟ್ಟಿ ಮಾಡಿ ಕಳಿಸುವುದು. ಬರೀ ಅರ್ಜಿ ಕಳಿಸಿದರೆ ಅದು ಅಲ್ಲೇ ಕೂರುತ್ತದೆ. ಪಟ್ಟಿ ಜೊತೆಗಿದ್ದರೆ ಓದುವವರ ಕೆಲಸ ಅರ್ಧ ಮುಗಿದಿರುತ್ತದೆ.

ಇನ್ನು ನಿಯಮದ ಮೊದಲ ಸಾಲು. ನಮ್ಮಲ್ಲಿ ಅದು ಹೀಗಿದೆ: "ಯಾವ ಕ್ರೆಡಿಟ್ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಫೀಸು ಕಟ್ಟಿಸಿಕೊಳ್ಳುವ ಮೊದಲು ವಿದ್ಯಾರ್ಥಿಗೆ ಬರಹದಲ್ಲಿ ತಿಳಿಸಬೇಕು." ನನ್ನ ಮಟ್ಟಿಗೆ ಇಡೀ ನಿಯಮದ ಜೀವ ಇದೇ. ಟಿಸಿ ತೆಗೆದುಕೊಂಡು, ಮನೆ ಬದಲಿಸಿ, ಫೀಸು ಕಟ್ಟಿದ ಮೇಲೆ ಸತ್ಯ ಹೇಳಿದರೆ ಅವರಿಗೆ ವಾಪಸು ಹೋಗಲು ದಾರಿ ಇರುವುದಿಲ್ಲ, ಅಲ್ವಾ? ನಾವು ಹತ್ತು ಕೆಲಸದ ದಿನಗಳ ಗಡುವು ಇಟ್ಟೆವು. ಅರ್ಜಿಯ ಜೊತೆ ಮಾರ್ಕ್ಸ್ ಕಾರ್ಡ್ ಮತ್ತು ಸಿಲಬಸ್ ಸಾಕು. ಟಿಸಿ, ಮೈಗ್ರೇಷನ್ ಸರ್ಟಿಫಿಕೇಟ್ ಆಮೇಲೆ ಬಂದರೂ ಆಗುತ್ತದೆ. ಸೇರುವುದೇ ಗಟ್ಟಿಯಾಗದೆ ಟಿಸಿ ತರಲು ಹೇಳುವುದು ದೊಡ್ಡ ತಪ್ಪು. ಎಷ್ಟೋ ಮಕ್ಕಳು ಎರಡೂ ಕಡೆ ಇಲ್ಲದೆ ನಿಂತದ್ದನ್ನು ನೋಡಿದ್ದೇನೆ.

ಹಳೆಯ ಸಿಲಬಸ್ ಹುಡುಕುವ ಹೊಣೆಯೂ ಪೂರ್ತಿ ವಿದ್ಯಾರ್ಥಿಯ ಮೇಲೆ ಬೀಳಬಾರದು. ಅದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಇದ್ದರೆ ಸಮಿತಿಯೇ ಇಳಿಸಿಕೊಳ್ಳಲಿ. ಒಂದು ಎಚ್ಚರಿಕೆ: ಈಗಿನ ಸಿಲಬಸ್ ಅಲ್ಲ, ಆ ವಿದ್ಯಾರ್ಥಿ ಓದಿದ ವರ್ಷದ್ದೇ ಬೇಕು.

ಈಗ ಹೋಲಿಸುವ ಕೆಲಸ. ತಪ್ಪಾಗುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಆ ಹುಡುಗಿಯ ಹಳೆಯ ಸಿಲಬಸ್ಸನ್ನು ನಾನು ಆಮೇಲೆ ತರಿಸಿ ನಮ್ಮದರ ಪಕ್ಕ ಇಟ್ಟು ನೋಡಿದೆ. ನಮ್ಮಲ್ಲಿ ಮೊದಲ ಸೆಮಿಸ್ಟರಿನಲ್ಲಿ ಪರಮಾಣು ರಚನೆ, ಆವರ್ತ ಕೋಷ್ಟಕ, ಟೈಟ್ರೇಷನ್ ಲೆಕ್ಕ. ಎರಡನೆಯದರಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿ. ಅವರಲ್ಲಿ ಆರ್ಗ್ಯಾನಿಕ್ ಅರ್ಧ ಮೊದಲ ಸೆಮಿಸ್ಟರಿಗೆ, ಅರ್ಧ ಎರಡನೆಯದಕ್ಕೆ. ಪರಮಾಣು ರಚನೆ ಎರಡನೆಯದರಲ್ಲಿ. ಒಂದೊಂದು ಪೇಪರ್ ಎದುರುಬದುರು ಇಟ್ಟರೆ ಯಾವುದೂ ಹೊಂದುವುದಿಲ್ಲ. ಎರಡು ಸೆಮಿಸ್ಟರ್ ಒಟ್ಟಿಗೆ ಇಟ್ಟರೆ ಹೆಚ್ಚುಕಡಿಮೆ ಅದೇ ಪಾಠ! ಬಿಟ್ಟುಹೋದದ್ದು ಒಂದೇ ಒಂದು ಘಟಕ. ಅಷ್ಟಕ್ಕೆ ಅವಳು 6 ಕ್ರೆಡಿಟ್ ಮತ್ತೆ ಮಾಡಿದಳು.

ಹಾಗಾಗಿ ನಮ್ಮ ಪದ್ಧತಿ ಈಗ ಹೀಗಿದೆ. ಒಂದು ದೊಡ್ಡ ಹಾಳೆ. ಎಡಗಡೆ ನಮ್ಮ ಸಿಲಬಸ್ಸಿನ ಘಟಕಗಳು, ಪೂರ್ತಿ ವರ್ಷದ್ದು, ವಿಷಯವಾರು. ಮಧ್ಯದಲ್ಲಿ ಅವರು ಅದನ್ನು ಎಲ್ಲಿ ಓದಿದ್ದಾರೆ, ಯಾವ ಪೇಪರ್, ಯಾವ ಘಟಕ. ಬಲಗಡೆ ಹೌದು, ಭಾಗಶಃ, ಇಲ್ಲ. ಆ ವಿಷಯ ಪಾಠ ಮಾಡುವ ಮೇಷ್ಟ್ರೇ ಇದನ್ನು ತುಂಬಬೇಕು. ಆಫೀಸಿನವರಿಂದ ಇದು ಆಗದು, ಅವರ ಮೇಲೆ ಹೊರಿಸಲೂಬಾರದು. ಹತ್ತರಲ್ಲಿ ಏಳು ಭಾಗ ಸಿಕ್ಕರೆ ಪೂರ್ತಿ ಕ್ರೆಡಿಟ್ ಕೊಡುತ್ತೇವೆ. ಏಳು ಎನ್ನುವುದು ನಾವು ಚರ್ಚಿಸಿ ಇಟ್ಟುಕೊಂಡ ಗೆರೆ. ನಿಮ್ಮದು ಬೇರೆ ಇರಬಹುದು, ಆದರೆ ಗೆರೆ ಎಲ್ಲಿದೆ ಎಂದು ಮೊದಲೇ ಬರೆದಿಡಿ. ಇಲ್ಲದಿದ್ದರೆ ಒಬ್ಬರು ಆರಕ್ಕೆ ಕೊಡುತ್ತಾರೆ, ಇನ್ನೊಬ್ಬರು ಒಂಬತ್ತಕ್ಕೂ ಕೊಡುವುದಿಲ್ಲ.

ಗೆರೆಗಿಂತ ಕಡಿಮೆ ಬಂದರೂ ನೇರವಾಗಿ "ಮತ್ತೆ ಮಾಡು" ಎನ್ನಬೇಡಿ. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎರಡನೇ ವರ್ಷದ ಇಂಜಿನಿಯರಿಂಗ್‌ಗೆ ಬರುತ್ತಾರಲ್ಲ, ಅವರಿಗೆ ಗಣಿತದಲ್ಲಿ ಕೊರತೆ ಇರುತ್ತದೆ ಎಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಗೊತ್ತು. ಹಾಗಂತ ಮೊದಲ ವರ್ಷಕ್ಕೆ ವಾಪಸು ಕಳಿಸಲಿಲ್ಲ. ಕ್ರೆಡಿಟ್ ಇಲ್ಲದ, ಆದರೆ ಕಡ್ಡಾಯವಾದ ಹೆಚ್ಚುವರಿ ಗಣಿತದ ಪೇಪರ್ ಇಟ್ಟರು. ಕೊರತೆ ಎಷ್ಟಿದೆಯೋ ಅಷ್ಟನ್ನು ತುಂಬಿಸುವ ಈ ದಾರಿ ನನಗೆ ತುಂಬಾ ಹಿಡಿಸಿತು. ನಾವೂ ಅದನ್ನೇ ಅನುಸರಿಸಿದೆವು. ಒಂದೆರಡು ಘಟಕ ಬಿಟ್ಟುಹೋಗಿದ್ದರೆ ಮೇಷ್ಟ್ರು ಆರು ವಾರ ಸಂಜೆ ಒಂದು ಗಂಟೆ ಪಾಠ ಮಾಡುತ್ತಾರೆ, ಕೊನೆಗೊಂದು ಟೆಸ್ಟ್. ಅಷ್ಟೇ.

ಕ್ರೆಡಿಟ್ ಲೆಕ್ಕದಲ್ಲಿ ಗೊಂದಲ ಜಾಸ್ತಿ. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ವಾರಕ್ಕೆ ಒಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್, ಎರಡು ಗಂಟೆ ಪ್ರಾಕ್ಟಿಕಲ್‌ಗೆ ಒಂದು ಕ್ರೆಡಿಟ್. ಅವರದು 3 ಕ್ರೆಡಿಟ್, ನಿಮ್ಮದು 4 ಇದ್ದರೆ ಏನು ಮಾಡುವುದು? ಪಾಠ ಹೊಂದಿದರೆ ನಮ್ಮ ಪೇಪರ್ ಮುಗಿದಂತೆ ಎಂದು ತೆಗೆದುಕೊಳ್ಳುತ್ತೇವೆ. ಉಳಿದ ಒಂದು ಕ್ರೆಡಿಟ್ಟನ್ನು ಮುಂದೆ ಐಚ್ಛಿಕ ಪೇಪರಿನಲ್ಲಿ ಗಳಿಸಲಿ. ಒಂದು ಕ್ರೆಡಿಟ್ ವ್ಯತ್ಯಾಸಕ್ಕೆ ಇಡೀ ಪೇಪರ್ ಬರೆಸುವುದು ನ್ಯಾಯವಲ್ಲ.

ಅಂಕದ ವಿಷಯದಲ್ಲಿ ಗ್ರೇಡ್ ಅಕ್ಷರವನ್ನು ಹಾಗೇ ನಕಲು ಮಾಡಬೇಡಿ. ಒಂದು ಕಡೆಯ ಎ ಪ್ಲಸ್ ಇನ್ನೊಂದು ಕಡೆಯ ಎ ಆಗಿರಬಹುದು. ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಇದ್ದರೆ ಅದನ್ನು ನೂರಕ್ಕೆ ತಂದು ನಿಮ್ಮ ಕೋಷ್ಟಕದ ಪ್ರಕಾರ ಗ್ರೇಡ್ ಕೊಡಿ. ರ‍್ಯಾಂಕ್, ಚಿನ್ನದ ಪದಕಕ್ಕೆ ಹೊರಗಿನಿಂದ ಬಂದವರು ಅರ್ಹರೋ ಅಲ್ಲವೋ ಎಂಬುದನ್ನೂ ಸೇರುವ ದಿನವೇ ಹೇಳಿ. ಬ್ಯಾಕ್‌ಲಾಗ್ ಇರುವ, ಅಂದರೆ ಇನ್ನೂ ಪಾಸಾಗದ ಪೇಪರ್ ವರ್ಗಾವಣೆ ಆಗುವುದಿಲ್ಲ, ಅದರ ಬದಲಿಗೆ ನಮ್ಮ ಪೇಪರ್ ಬರೆಯಬೇಕು. ಭಾಷೆಯ ಪೇಪರುಗಳನ್ನು ಮಾತ್ರ ಅಳೆಯಲು ಹೋಗಬೇಡಿ. ಅಲ್ಲಿ ಹಿಂದಿ ಓದಿ ಪಾಸಾದವರಿಗೆ ಇಲ್ಲಿ ಆ ಸೆಮಿಸ್ಟರಿನ ಭಾಷೆ ಮುಗಿಯಿತು, ಅಷ್ಟೇ.

ಕರ್ನಾಟಕದಲ್ಲಿ ಈಗ ಇನ್ನೊಂದು ಕಷ್ಟ ಇದೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಡಿಗ್ರಿ ಬದಲಾಯಿತು. ಎರಡು ಮುಖ್ಯ ವಿಷಯ, ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ಪೇಪರ್), ಡಿಜಿಟಲ್ ಫ್ಲೂಯೆನ್ಸಿ (ಕಂಪ್ಯೂಟರ್ ಜ್ಞಾನದ ಪೇಪರ್), ಹೀಗೆ. 2024ರ ಮೇ ತಿಂಗಳಲ್ಲಿ ರಾಜ್ಯದ್ದೇ ಶಿಕ್ಷಣ ನೀತಿ ರೂಪಿಸಲು ನೇಮಿಸಿದ್ದ ಸುಖದೇವ್ ಥೋರಟ್ ಆಯೋಗದ ಮಧ್ಯಂತರ ವರದಿ ನೋಡಿ ಸರ್ಕಾರ ಅದನ್ನು ಬಿಟ್ಟಿತು. 2024-25ರಿಂದ ಮೂರು ವರ್ಷದ ಡಿಗ್ರಿ, ಮೂರು ಮುಖ್ಯ ವಿಷಯ. ಈಗ 2023ರಲ್ಲಿ ಸೇರಿ, ಒಂದು ವರ್ಷ ಓದಿ, ಮನೆಯ ಕಷ್ಟಕ್ಕೆ ನಿಲ್ಲಿಸಿದವರು ವಾಪಸು ಬಂದರೆ? ಅವರು ಫಿಸಿಕ್ಸ್, ಕೆಮಿಸ್ಟ್ರಿ ಓದಿದ್ದಾರೆ, ಗಣಿತ ಓದಿಲ್ಲ. ಅವರದ್ದೇನೂ ತಪ್ಪಿಲ್ಲ, ಪದ್ಧತಿ ಬದಲಾದದ್ದು. ಮೊದಲ ವರ್ಷಕ್ಕೆ ಕೂರಿಸುವ ಬದಲು, ಆ ಎರಡು ವಿಷಯ ಮುಗಿದಂತೆ ಹಿಡಿದು, ಮೂರನೆಯದರ ಮೊದಲ ವರ್ಷವನ್ನು ಉಳಿದ ಸೆಮಿಸ್ಟರ್‌ಗಳಿಗೆ ಹಂಚಬಹುದು. ಇದಕ್ಕೆ ಬ್ಯಾಚ್‌ವಾರು ಒಂದು ಪಟ್ಟಿ ಮಾಡಿ ಕೌನ್ಸಿಲ್ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಒಬ್ಬೊಬ್ಬರು ಬಂದಾಗ ಯೋಚಿಸಲು ಕೂತರೆ ಸೆಮಿಸ್ಟರ್ ಮುಗಿದುಹೋಗುತ್ತದೆ.

ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಬಗ್ಗೆಯೂ ಹೇಳಬೇಕು. ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ಟನ್ನು ಅವರ ಹೆಸರಿನ ಆನ್‌ಲೈನ್ ಖಾತೆಯಲ್ಲಿ ಇಡುವ ವ್ಯವಸ್ಥೆ ಇದು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2021ರ ಜುಲೈನಲ್ಲಿ ತಂದ ನಿಯಮ. ಖಾತೆಗೆ ಬಿದ್ದ ಕ್ರೆಡಿಟ್ ಗರಿಷ್ಠ ಏಳು ವರ್ಷ ಇರುತ್ತದೆ. ಒಂದು ಡಿಗ್ರಿಗೆ ಬಳಸಿದ ಕ್ರೆಡಿಟ್ಟನ್ನು ಇನ್ನೊಂದಕ್ಕೆ ಬಳಸುವಂತಿಲ್ಲ. ಡಿಗ್ರಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು. ನಿಮ್ಮ ನಿಯಮ ಇದಕ್ಕೆ ಹೊಂದಿರಲಿ. ಆದರೆ ಬ್ಯಾಂಕಿನಲ್ಲಿ ಕಾಣದ ಕ್ರೆಡಿಟ್ ಇಲ್ಲವೇ ಇಲ್ಲ ಎಂದು ಬರೆಯಬೇಡಿ. ಅದನ್ನು ಹಾಕಬೇಕಾದದ್ದು ಹಳೆಯ ಸಂಸ್ಥೆ, ವಿದ್ಯಾರ್ಥಿ ಅಲ್ಲ. ಹಾಕಲು ತಡವಾಗಿದ್ದರೆ ಮೂಲ ಮಾರ್ಕ್ಸ್ ಕಾರ್ಡ್ ನೋಡಿ ತಾತ್ಕಾಲಿಕವಾಗಿ ಒಪ್ಪಿಕೊಳ್ಳಿ.

ಕೇಂದ್ರ ಸರ್ಕಾರದ ಆನ್‌ಲೈನ್ ಪಾಠದ ಸ್ವಯಂ ಪೋರ್ಟಲ್ಲಿನ ಕೋರ್ಸ್‌ಗಳಿಗೆ ಯುಜಿಸಿಯ 2021ರ ನಿಯಮ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಅವಕಾಶ ಕೊಡುತ್ತದೆ. ಅದರಲ್ಲಿ ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳ ಪರೀಕ್ಷೆ ಕೇಂದ್ರದಲ್ಲಿ ಕೂತು ಬರೆಯುವಂಥದ್ದು, ಅದನ್ನು ಅನುಮಾನದಿಂದ ನೋಡುವ ಕಾರಣ ಇಲ್ಲ. ಯಾವ ಕೋರ್ಸ್ ಯಾವ ಪೇಪರಿಗೆ ಸಮ ಎಂಬ ಪಟ್ಟಿಯನ್ನು ಸೆಮಿಸ್ಟರ್ ಶುರುವಾಗುವ ಮೊದಲೇ ನೋಟಿಸ್ ಬೋರ್ಡಿಗೆ ಹಾಕಿ.

ಕ್ರೆಡಿಟ್ ಕೊಡುವುದಿಲ್ಲ ಎಂದಾದರೆ ಪತ್ರದಲ್ಲಿ ಕಾರಣ ಇರಬೇಕು. "ತಿರಸ್ಕರಿಸಲಾಗಿದೆ" ಎನ್ನುವ ಒಂದೇ ಪದ ಸಾಲದು. ನಾವು ಬರೆಯುವುದು ಹೀಗೆ: "ನಮ್ಮ ಪೇಪರಿನ 3 ಮತ್ತು 4ನೇ ಘಟಕ ನಿಮ್ಮ ಹಿಂದಿನ ಸಿಲಬಸ್ಸಿನಲ್ಲಿ ಕಾಣಲಿಲ್ಲ. ಅದನ್ನು ಬೇರೆ ಪೇಪರಿನಲ್ಲಿ ಓದಿದ್ದರೆ ತೋರಿಸಿ." ಎಷ್ಟೋ ಸಲ ವಿದ್ಯಾರ್ಥಿ ಪ್ರಾಕ್ಟಿಕಲ್ ರೆಕಾರ್ಡ್ ತಂದು ತೋರಿಸಿದ್ದಾರೆ, ನಾವು ತೀರ್ಮಾನ ಬದಲಿಸಿದ್ದೇವೆ. ಮೇಲ್ಮನವಿಗೆ 15 ದಿನ ಕೊಡಿ. ಮೊದಲು ನೋಡಿದ ಮೇಷ್ಟ್ರು ಮೇಲ್ಮನವಿಯಲ್ಲಿ ಕೂರಬಾರದು. ಇದಕ್ಕೆ ಫೀಸು ಇಡಬೇಡಿ, ದಯವಿಟ್ಟು.

ಕೊನೆಯದಾಗಿ ಒಂದು ರಿಜಿಸ್ಟರ್. ಯಾವ ವಿಶ್ವವಿದ್ಯಾಲಯದ ಯಾವ ಪೇಪರ್, ಯಾವ ವರ್ಷದ್ದು, ನಮ್ಮ ಯಾವುದಕ್ಕೆ ಸಮ, ಯಾಕೆ. ವಿದ್ಯಾರ್ಥಿಯ ಹೆಸರು ಅದರಲ್ಲಿ ಬೇಡ. ಅದೇ ಕಡೆಯಿಂದ ಮುಂದಿನ ಸಲ ಬಂದವರಿಗೆ ಅದೇ ತೀರ್ಮಾನ. ದೊಡ್ಡವರ ಶಿಫಾರಸು ಹಿಡಿದು ಬಂದವರಿಗೂ ಅದೇ, ಯಾರೂ ಗೊತ್ತಿಲ್ಲದೆ ಬಂದವರಿಗೂ ಅದೇ. ನಮ್ಮ ರಿಜಿಸ್ಟರಿನ ಮೊದಲ ಸಾಲಿನಲ್ಲಿ ಆ ವಿಜಯಪುರದ ಹುಡುಗಿಯ ಎರಡು ಸೆಮಿಸ್ಟರಿನ ಕೆಮಿಸ್ಟ್ರಿ ಇದೆ. ಎದುರಿಗೆ "ಸಮ" ಎಂದು ಬರೆದಿದ್ದೇವೆ. ಅವಳಿಗೆ ಅದು ಉಪಯೋಗಕ್ಕೆ ಬರಲಿಲ್ಲ. ಕಳೆದ ವರ್ಷ ಅದೇ ಕಡೆಯಿಂದ ಬಂದ ಹುಡುಗನಿಗೆ ನಾಲ್ಕನೇ ದಿನವೇ ಪತ್ರ ಸಿಕ್ಕಿತು, ಆಮೇಲೆ ಫೀಸು ಕಟ್ಟಿದ.