ಪಹಣಿಯಲ್ಲಿ ಹೆಸರು ಬದಲಾಗಿದೆಯೇ? ‘ನೋಟಿಸ್ ಎಲ್ಲಿ’ ಅಂತ ಮೊದಲು ಕೇಳಿ

ಬೆಳೆ ಸಾಲಕ್ಕೋ ಪರಿಹಾರಕ್ಕೋ ಪಹಣಿ ತೆಗೆಸಿದಾಗಲೇ ತುಂಬ ಜನರಿಗೆ ವಿಷಯ ಗೊತ್ತಾಗುವುದು. ಮಾಲೀಕರ ಹೆಸರಿರುವ 9ನೇ ಕಾಲಂನಲ್ಲಿ ಅಪ್ಪನ ಹೆಸರಿಲ್ಲ. ಅಥವಾ ಹೆಸರಿದೆ, 3 ಎಕರೆ ಇದ್ದದ್ದು 2 ಎಕರೆ ಆಗಿದೆ. ಅಥವಾ ಅಣ್ಣ ಒಬ್ಬನ ಹೆಸರಿಗೆ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವುದು) ಆಗಿದೆ, ಹೆಣ್ಣುಮಕ್ಕಳು ವಂಶವೃಕ್ಷದಲ್ಲೇ ಇಲ್ಲ.

ಆಗ ಎಲ್ಲರ ಬಾಯಲ್ಲೂ ಬರುವುದು ‘ಜಮೀನು ನಮ್ಮದು’ ಎಂಬ ಮಾತು. ಸಹಜ. ಆದರೆ ಕಂದಾಯ ಕಚೇರಿಯಲ್ಲಿ ಅದಕ್ಕಿಂತ ಬಲವಾದ ಪ್ರಶ್ನೆ ಬೇರೆ ಇದೆ. ಈ ಬದಲಾವಣೆ ಮಾಡುವ ಮೊದಲು ಯಾರಿಗೆ ತಿಳಿಸಿದಿರಿ? ತಿಳಿಸಿದ್ದಕ್ಕೆ ದಾಖಲೆ ಎಲ್ಲಿ?

ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 129ನೇ ಕಲಂ ಇದನ್ನು ಬಿಡಿಸಿ ಹೇಳುತ್ತದೆ. ಮ್ಯುಟೇಷನ್ (ಹಕ್ಕು ಬದಲಾವಣೆ) ರಿಜಿಸ್ಟರಿನಲ್ಲಿ ಬದಲಾವಣೆ ಬರೆದ ಕೂಡಲೇ ಅದರ ಪೂರ್ತಿ ಪ್ರತಿಯನ್ನು ಚಾವಡಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಚ್ಚಬೇಕು. ದಾಖಲೆಯಲ್ಲಿ ಹೆಸರಿರುವ, ಹಕ್ಕಿದೆ ಎಂದು ತೋರುವ ಪ್ರತಿಯೊಬ್ಬರಿಗೂ ಬರಹದಲ್ಲಿ ತಿಳಿಸಬೇಕು. ಯಾರಾದರೂ ತಕರಾರು ಮಾಡಿದರೆ, ಬಾಯಿಮಾತಿನಲ್ಲಿ ಮಾಡಿದರೂ ಸರಿ, ಅದನ್ನು ವಿವಾದದ ರಿಜಿಸ್ಟರಿಗೆ ಹತ್ತಿಸಬೇಕು, ಸ್ವೀಕೃತಿ ಕೊಡಬೇಕು. ಆಮೇಲೆ ವಿಚಾರಣೆ, ಆಮೇಲೆ ಆದೇಶ. ಇದರಲ್ಲಿ ಒಂದು ಮೆಟ್ಟಿಲು ತಪ್ಪಿದರೂ ಇಡೀ ಆದೇಶವನ್ನು ಪ್ರಶ್ನಿಸಬಹುದು.

ಬಾಯಿ ಬಿಡುವ ಮೊದಲು ನಕಲು ತೆಗೆಸಿ

ಸಿಟ್ಟಿನಲ್ಲಿ ತಾಲ್ಲೂಕು ಕಚೇರಿಗೆ ಹೋಗಿ ಜಗಳ ಮಾಡಬೇಡಿ. ಪೊಲೀಸ್ ಠಾಣೆಗೂ ಅಂದೇ ಓಡಬೇಡಿ. ನೀವು ಹುಡುಕುತ್ತಿದ್ದೀರಿ ಎಂದು ಗೊತ್ತಾದ ಮೇಲೆ ಕಡತಗಳು ಸಿಗದೇ ಹೋಗುವ ಸಂಭವ ಜಾಸ್ತಿ. ಮೊದಲ ಕೆಲಸ ಏನಿದ್ದರೂ ಕಾಗದ ಕೈಗೆ ತೆಗೆದುಕೊಳ್ಳುವುದು.

ಕಂದಾಯ ಇಲಾಖೆಯ ‘ಭೂಮಿ’ ಆನ್‌ಲೈನ್‌ನಲ್ಲಿ ಈಗಿನ ಪಹಣಿ ತೆಗೆಯಿರಿ. ಹಿಂದಿನ ವರ್ಷಗಳದ್ದನ್ನೂ ಒಂದೊಂದಾಗಿ ನೋಡುತ್ತಾ ಹೋಗಿ. ಯಾವ ವರ್ಷ ಹೆಸರು ಬದಲಾಯಿತೋ ಆ ವರ್ಷದ 10ನೇ ಕಾಲಂನಲ್ಲಿ ಒಂದು ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರ್ ಇರುತ್ತದೆ. ಇಡೀ ವ್ಯವಹಾರಕ್ಕೆ ಅದೇ ದಾರಿ. ಗಣಕೀಕರಣಕ್ಕೆ ಮುಂಚಿನದು, ಅಂದರೆ ಸುಮಾರು 2000ಕ್ಕಿಂತ ಹಿಂದಿನದು ಬೇಕಿದ್ದರೆ ಕೈಬರಹದ ಪಹಣಿಗೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಿ.

ಆ ನಂಬರ್ ಹಿಡಿದು ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಸುಮ್ನೆ ‘ಮ್ಯುಟೇಷನ್ ಪ್ರತಿ ಕೊಡಿ’ ಎಂದರೆ ಒಂದೇ ಹಾಳೆ ಬರುತ್ತದೆ. ‘ಪೂರ್ತಿ ಕಡತ’ ಎಂದು ಬರೆಯಿರಿ: ಮೂಲ ಅರ್ಜಿ, ಅದರ ಜತೆ ಕೊಟ್ಟ ವಂಶವೃಕ್ಷ, ಕ್ರಯಪತ್ರ ಅಥವಾ ವಿಭಾಗಪತ್ರ, ಹೊರಡಿಸಿದ ನೋಟಿಸ್, ಅದು ಜಾರಿಯಾದ ಬಗ್ಗೆ ವರದಿ, ಗ್ರಾಮ ಲೆಕ್ಕಿಗರ (ಈಗಿನ ಗ್ರಾಮ ಆಡಳಿತ ಅಧಿಕಾರಿ) ಮತ್ತು ಕಂದಾಯ ನಿರೀಕ್ಷಕರ ವರದಿ, ಆದೇಶ ಹಾಳೆ, ಕೊನೆಯ ಆದೇಶ. ಇಷ್ಟನ್ನೂ ಹೆಸರು ಹಿಡಿದು ಕೇಳಿ.

ನಕಲು ತಡವಾದರೆ ಮಾಹಿತಿ ಹಕ್ಕು ಕಾಯ್ದೆ, 2005 ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ. ನಕಲು ಕೇಳುವುದರ ಜತೆಗೆ ‘ಮೂಲ ಕಡತವನ್ನು ಖುದ್ದಾಗಿ ನೋಡಲು ಅವಕಾಶ ಕೊಡಿ’ ಎಂದೂ ಬರೆಯಿರಿ. ಆ ಹಕ್ಕು ಕಾಯ್ದೆಯಲ್ಲೇ ಇದೆ, ಬಳಸುವವರು ಕಡಿಮೆ. ತಿದ್ದಿದ್ದು ಜೆರಾಕ್ಸಿನಲ್ಲಿ ಕಾಣುವುದಿಲ್ಲ, ಮೂಲದಲ್ಲಿ ಕಾಣುತ್ತದೆ. ಅದಕ್ಕೇ ಇದು ಮುಖ್ಯ.

‘ಕಡತ ಸಿಗುತ್ತಿಲ್ಲ’ ಎಂಬ ಉತ್ತರ ಬಂದರೆ ಸುಮ್ಮನೆ ವಾಪಸ್ ಬರಬೇಡಿ. ಅದನ್ನೇ ಹಿಂಬರಹವಾಗಿ ಬರೆದುಕೊಡಿ ಎಂದು ಕೇಳಿ. ಸಹಿ, ಮೊಹರು ಇರುವ ಆ ಹಿಂಬರಹ ಮುಂದೆ ನಿಮ್ಮ ಕಡೆಯ ಒಳ್ಳೆಯ ದಾಖಲೆ. ಆದೇಶ ಇದೆ, ಆದರೆ ಆದೇಶಕ್ಕೆ ಆಧಾರವಾದ ಕಾಗದ ಇಲ್ಲ ಎಂದು ಕಚೇರಿಯೇ ಒಪ್ಪಿಕೊಂಡ ಹಾಗಾಯಿತು.

ಕಡತವನ್ನು ಹೇಗೆ ಓದಬೇಕು

ನೋಟಿಸಿನಿಂದ ಶುರು ಮಾಡಿ. ಯಾರ ಹೆಸರಿಗೆ ಹೊರಟಿದೆ? ಯಾವ ವಿಳಾಸಕ್ಕೆ? ಬೆಂಗಳೂರಿನಲ್ಲಿರುವ ತಂಗಿಗೆ ಊರಿನ ಮನೆ ವಿಳಾಸಕ್ಕೆ ಕಳಿಸಿ, ಅಣ್ಣನೇ ಸಹಿ ಹಾಕಿ ತೆಗೆದುಕೊಂಡಿದ್ದರೆ ಅದನ್ನು ತಂಗಿಗೆ ತಿಳಿಸಿದ್ದು ಎನ್ನಲಾಗದು. ಸಹಿ ಮಾಡಲು ಬರುವ ಅಮ್ಮನ ಹೆಸರಿನ ಮುಂದೆ ಹೆಬ್ಬೆಟ್ಟಿನ ಗುರುತಿದೆಯೇ? ಸಹಿ ಹಾಕಿದ ತಾರೀಖಿಗೆ ಆ ವ್ಯಕ್ತಿ ಬದುಕಿದ್ದರೇ? ಮರಣ ಪ್ರಮಾಣಪತ್ರ ಪಕ್ಕದಲ್ಲಿಟ್ಟು ನೋಡಿ.

ಆಮೇಲೆ ತಾರೀಖುಗಳು. ಅರ್ಜಿ, ನೋಟಿಸ್, ವರದಿ, ಆದೇಶ ಎಲ್ಲವೂ ಒಂದೆರಡು ದಿನದಲ್ಲಿ ಮುಗಿದಿದ್ದರೆ ತಕರಾರಿಗೆ ಕೊಡಬೇಕಾದ ಸಮಯ ಕೊಟ್ಟಿಲ್ಲ ಎಂದೇ ಅರ್ಥ. ಸ್ಥಳ ಮಹಜರು ಇದ್ದರೆ ಅಕ್ಕಪಕ್ಕದ ಜಮೀನಿನವರ ಸಹಿ ಇದೆಯೇ ನೋಡಿ, ಅವರನ್ನೇ ಕೇಳಿ. ‘ನಮ್ಮನ್ನು ಯಾರೂ ಕರೆಯಲಿಲ್ಲ’ ಎಂದರೆ ಅವರ ಮಾತನ್ನು ಪ್ರಮಾಣಪತ್ರವಾಗಿ (ಅಫಿಡವಿಟ್) ತೆಗೆದುಕೊಳ್ಳಿ.

ರಿಜಿಸ್ಟರಿನಲ್ಲಿ ನಿಮ್ಮ ನಂಬರ್ ಒಂದನ್ನೇ ನೋಡಬೇಡಿ, ಅದರ ಹಿಂದಿನ, ಮುಂದಿನ ನಮೂದುಗಳನ್ನೂ ನೋಡಿ. ನಂಬರುಗಳು ಸಾಲಾಗಿ ಬರುತ್ತವೆ, ತಾರೀಖೂ ಹಾಗೇ ಬರಬೇಕು. 14ನೇ ನಮೂದಿನ ತಾರೀಖು 15ನೆಯದಕ್ಕಿಂತ ಆಮೇಲಿನದಾಗಿದ್ದರೆ ಮಧ್ಯೆ ತುರುಕಿದ್ದು ಎಂಬ ಅನುಮಾನ ಬರುತ್ತದೆ. ಬೇರೆ ಶಾಯಿ, ಸಾಲಿನ ಮೇಲೆ ಸೇರಿಸಿದ ಹೆಸರು, 1 ಇದ್ದದ್ದನ್ನು 4 ಮಾಡಿದ ಗುಂಟೆ ಲೆಕ್ಕ, ಪುಟ ಸಂಖ್ಯೆ ಹಾರಿರುವುದು, ಇವನ್ನೆಲ್ಲ ಗುರುತು ಹಾಕಿಕೊಳ್ಳಿ. ಅದೇ ಎಂ.ಆರ್. ನಂಬರ್ ರಿಜಿಸ್ಟರಿನಲ್ಲಿ ಬೇರೆ ಯಾವುದೋ ಸರ್ವೆ ನಂಬರಿಗೆ ಸೇರಿದ್ದಾಗಿದ್ದರೆ, ನಿಮ್ಮ ಪಹಣಿಯ ಬದಲಾವಣೆಗೆ ಆಧಾರವೇ ಇಲ್ಲ.

ಒಂದು ಜಮೀನಿನ ಕತೆ ಒಂದೇ ಕಚೇರಿಯಲ್ಲಿ ಇರುವುದಿಲ್ಲ. ನನಗೆ ಧೈರ್ಯ ಕೊಡುವ ಸಂಗತಿ ಇದು. ಕ್ರಯಪತ್ರದ ಪ್ರತಿ ಉಪ ನೋಂದಣಿ ಕಚೇರಿಯಲ್ಲಿದೆ, ಋಣಭಾರ ಪತ್ರದಲ್ಲಿ ವಹಿವಾಟಿನ ಸಾಲು ಇದೆ. ಜಮೀನಿನ ಅಳತೆ ತೋರಿಸುವ ಟಿಪ್ಪಣಿ, ವಿಸ್ತೀರ್ಣ ತೋರಿಸುವ ಆಕಾರಬಂದ್ ಸರ್ವೆ ಕಚೇರಿಯಲ್ಲಿವೆ. ಅಪ್ಪ ಸಹಕಾರ ಸಂಘದಲ್ಲಿ ಸಾಲ ಮಾಡಿದ್ದರೆ ಅಲ್ಲಿ ಆ ಕಾಲದ ಪಹಣಿ ಇರಬಹುದು. ಕಂದಾಯ ಕಟ್ಟಿದ ರಸೀದಿ ಮನೆಯ ಟ್ರಂಕಿನಲ್ಲೇ ಇರಬಹುದು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ ಮತ್ತು ಮಂಜೂರಾತಿ ರಿಜಿಸ್ಟರ್ ಎರಡನ್ನೂ ತಾಳೆ ನೋಡಲೇಬೇಕು. ತಿದ್ದಿದವರು ಒಂದು ಕಡೆ ತಿದ್ದಬಹುದು, ಇಷ್ಟೂ ಕಡೆ ತಿದ್ದುವುದು ಕಷ್ಟ ಅಲ್ವಾ? ಇನ್ನು ‘ಭೂಮಿ’ಯಲ್ಲಿ ಮಾಡಿದ ಬದಲಾವಣೆಗೆ ಬೆರಳಚ್ಚಿನ ಲಾಗಿನ್ ಬೇಕು. ಯಾವ ಅಧಿಕಾರಿಯ ಲಾಗಿನ್‌ನಿಂದ ಆಯಿತು ಎಂದೂ ಕೇಳಿ.

ಮೇಲ್ಮನವಿ

ತಹಶೀಲ್ದಾರ್ ಹಂತದ ಮ್ಯುಟೇಷನ್ ಆದೇಶದ ಮೇಲೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಅವರಿಗೆ 136(2)ನೇ ಕಲಂ ಪ್ರಕಾರ ಮೇಲ್ಮನವಿ. ಅವಧಿ, ಆದೇಶ ತಲುಪಿದ ಅಥವಾ ನಮೂದು ಗೊತ್ತಾದ ದಿನದಿಂದ 60 ದಿನ. ನೋಟಿಸೇ ಬಂದಿಲ್ಲದಿದ್ದರೂ ಆ ಅವಧಿ ಎಂದೋ ಮುಗಿದಿದೆ ಎಂದು ಎದುರಿನವರು ವಾದಿಸಬಹುದು. ಹಾಗಾಗಿ ಮೇಲ್ಮನವಿ ಜತೆ ವಿಳಂಬ ಮನ್ನಾ ಅರ್ಜಿ, ಪ್ರಮಾಣಪತ್ರ ಹಾಕಿ. ಯಾವ ದಿನ, ಹೇಗೆ ಗೊತ್ತಾಯಿತು ಎಂದು ನೇರವಾಗಿ ಬರೆಯಿರಿ. ದೃಢೀಕೃತ ನಕಲಿನ ಮೇಲೆ ಅರ್ಜಿ ಕೊಟ್ಟ ದಿನ, ನಕಲು ಸಿಕ್ಕ ದಿನ ಇರುತ್ತದೆ. ಅದು ನಿಮ್ಮ ಮಾತಿಗೆ ಸಾಕ್ಷಿ. ಗೊತ್ತಾದ ಮೇಲೂ ತಿಂಗಳುಗಟ್ಟಲೆ ಸುಮ್ಮನಿದ್ದರೆ ಮಾತ್ರ ಕಷ್ಟ. ತಡೆಯಾಜ್ಞೆಯನ್ನೂ ಅದೇ ದಿನ ಕೇಳಿ.

ಮನವಿಯಲ್ಲಿ ಮೊದಲ ಅಂಶವೇ ‘ನನಗೆ ನೋಟಿಸ್ ಇಲ್ಲ, ನನ್ನ ಮಾತು ಕೇಳಿಲ್ಲ’ ಎಂದಿರಲಿ. ವಂಶದ ಇತಿಹಾಸ ಆಮೇಲೆ. ವಿಚಾರಣೆ ದಿನಗಳಲ್ಲಿ ಎದುರಿನವರು ಕೊಟ್ಟ ಪ್ರತಿ ಕಾಗದದ ನಕಲನ್ನೂ ಕೇಳಿ ಪಡೆಯಿರಿ. ಓದಲು ಸಮಯ ಬೇಕಿದ್ದರೆ ಬರಹದಲ್ಲಿ ಕೇಳಿ. ವಾದವನ್ನು ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎ.ಸಿ. ಆದೇಶವೂ ಸರಿಯಿಲ್ಲ ಎನಿಸಿದರೆ 136(3)ರಲ್ಲಿ ಜಿಲ್ಲಾಧಿಕಾರಿಗೆ ಪುನರ್‌ಪರಿಶೀಲನಾ ಅರ್ಜಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ನೋಟಿಸ್ ಇಲ್ಲ ಎಂಬ ಕಾರಣಕ್ಕೆ ಗೆದ್ದರೆ ಸಾಮಾನ್ಯವಾಗಿ ಸಿಗುವುದು ಮರು ವಿಚಾರಣೆ. ಕಡತ ಮತ್ತೆ ತಹಶೀಲ್ದಾರ್ ಮುಂದೆ ಬರುತ್ತದೆ. ಈ ಬಾರಿ ನೀವು ಎದುರಿಗೆ ಇರುತ್ತೀರಿ, ಅದೇ ದೊಡ್ಡ ವ್ಯತ್ಯಾಸ.

ಮಾಲೀಕತ್ವದ ಜಗಳಕ್ಕೆ ಸಿವಿಲ್ ಕೋರ್ಟ್

ಪಹಣಿ ಹಕ್ಕುಪತ್ರ ಅಲ್ಲ. ಮ್ಯುಟೇಷನ್‌ನಿಂದ ಮಾಲೀಕತ್ವ ಹುಟ್ಟುವುದೂ ಇಲ್ಲ, ಹೋಗುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಆದರೂ 133ನೇ ಕಲಂ ಪ್ರಕಾರ, ಸುಳ್ಳು ಎಂದು ತೋರಿಸುವ ತನಕ ದಾಖಲೆಯ ನಮೂದನ್ನು ನಿಜ ಎಂದೇ ಹಿಡಿಯುತ್ತಾರೆ. ಸುಮ್ಮನಿದ್ದರೆ ಲಾಭ ಎದುರಿನವರಿಗೆ.

ಉಯಿಲು ನಿಜವೇ, ಕ್ರಯಪತ್ರ ನಕಲಿಯೇ, ಯಾರಿಗೆ ಎಷ್ಟು ಪಾಲು ಎಂಬ ಪ್ರಶ್ನೆ ಬಂದರೆ ಎ.ಸಿ. ಕೋರ್ಟಿನಲ್ಲಿ ವರ್ಷ ಕಳೆಯಬೇಡಿ. ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕಿ. ಡಿಕ್ರಿ ಬಂದರೆ ಅದಕ್ಕೆ ತಕ್ಕ ಹಾಗೆ ಪಹಣಿ ತಿದ್ದಬೇಕು ಎಂದು 135ನೇ ಕಲಂ ಹೇಳುತ್ತದೆ. ಘೋಷಣೆಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಮಿತಿ ಇದೆ, ವಕೀಲರನ್ನು ಬೇಗ ಕಾಣಿ. ಜಮೀನು ಮಾರದಂತೆ ತಾತ್ಕಾಲಿಕ ತಡೆಯಾಜ್ಞೆ ಸಿಕ್ಕಿದರೆ ಅದರ ಪ್ರತಿಯನ್ನು ತಹಶೀಲ್ದಾರರಿಗೆ ಕೊಟ್ಟು 11ನೇ ಕಾಲಂನಲ್ಲಿ (ಇತರೆ ಹಕ್ಕು, ಋಣಗಳ ಕಾಲಂ) ನಮೂದು ಮಾಡಿಸಿ. ಕೊಳ್ಳಲು ಬರುವವರು ನೋಡುವುದು ಪಹಣಿಯನ್ನೇ.

ಪೊಲೀಸ್ ದೂರು ಕೊಡುವುದು ಕಾಗದಗಳೆಲ್ಲ ಕೈಗೆ ಬಂದ ಮೇಲೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸರ್ಕಾರಿ ದಾಖಲೆಯನ್ನು ನಕಲಿ ಮಾಡಿದರೆ 337ನೇ ಕಲಂ, ನಕಲಿ ಕಾಗದವನ್ನು ಅಸಲಿ ಎಂದು ಬಳಸಿದರೆ 340, ಹಾನಿ ಮಾಡಲೆಂದೇ ಸರ್ಕಾರಿ ನೌಕರ ತಪ್ಪು ದಾಖಲೆ ಬರೆದರೆ 201. ಆ ತಾರೀಖಿಗೆ ಮುಂಚೆ ನಡೆದದ್ದಕ್ಕೆ ಹಳೇ ದಂಡ ಸಂಹಿತೆಯೇ (ಐಪಿಸಿ) ಅನ್ವಯ. ದೂರಿನಲ್ಲಿ ‘ಮೋಸ ಆಗಿದೆ’ ಎಂದಷ್ಟೇ ಬರೆದರೆ ‘ಇದು ಸಿವಿಲ್ ವ್ಯಾಜ್ಯ’ ಎಂದು ಕಳಿಸಿಬಿಡುತ್ತಾರೆ. ಯಾವ ಪುಟ, ಯಾವ ಸಹಿ, ಯಾವ ತಾರೀಖು ಸುಳ್ಳು ಎಂದು ಬೆರಳಿಟ್ಟು ತೋರಿಸಿ.

ಆದೇಶ ನಿಮ್ಮ ಕಡೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಆದೇಶ ತಾನಾಗಿ ಪಹಣಿಗೆ ಏರುವುದಿಲ್ಲ. ದೃಢೀಕೃತ ಪ್ರತಿ ಲಗತ್ತಿಸಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಹೊಸ ಪಹಣಿ ಬಂದ ದಿನ 9ನೇ ಕಾಲಂನಲ್ಲಿ ಹೆಸರು, ವಿಸ್ತೀರ್ಣ ಎರಡನ್ನೂ ಆದೇಶದ ಜತೆ ಇಟ್ಟು ಗುಂಟೆ ಗುಂಟೆಯೂ ಸರಿ ಇದೆಯೇ ನೋಡಿ.